ಬೆನ್ನ ಮೇಲಿನ ನೀರು

ಆ ಪ್ರಾಣಿಗಳ ಆಸ್ಪತ್ರೆಯಲ್ಲಿ ಕಾಂಪೌಂಡರ್ ಬೆರಳಪ್ಪನ ಕೈಗೆ ಸಿಗದ ನರ ಇನ್ನೂ ಹುಟ್ಟಿರಲಿಲ್ಲ. ಕರೆಂಟು ಹೋದಾಗ ಕರಿ ಬೆಕ್ಕಿಗೆ ಸೂಜಿ ಹಾಕಿದವನು, ಓಡುವ ಕುದುರೆಯ ಜೊತೆ ಓಡುತ್ತಲೇ ಡ್ರಿಪ್ ಏರಿಸಿದವನು; ಮನಸ್ಸು ಮಾಡಿದರೆ ಇರುವೆಗೂ ಸಲೈನ್ ಕೊಟ್ಟಾನು. ಇಪ್ಪತ್ತಾರು ವರ್ಷದಲ್ಲಿ ಒಂದು ಪ್ರಾಣಿಗೂ ಎರಡನೇ ಸಲ ಚುಚ್ಚಿದವನಲ್ಲ. ಹಾಗಂತ ಮೊದಲು ಹೇಳಿದವನು ಅವನೇ. ಆಮೇಲೆ ಊರೆಲ್ಲ ಹೇಳಿತು, ಕೇಳಿ ಕೇಳಿ ಅವನೂ ನಂಬಿದ.

ಬೆಳಿಗ್ಗೆ ಹತ್ತೂವರೆಗೆ ಅವನ ತಂಗಿ ನಾಯಿಯನ್ನು ಎದೆಗವಚಿಕೊಂಡು ಬಂದಳು. ಡುಮ್ಮ ಎಂದು ಕರೆಸಿಕೊಳ್ಳುತ್ತಿದ್ದ ನಾಯಿ, ಹಿಂಡಿ ಬಿಸಾಕಿದ ಟವೆಲಿನಂತಾಗಿತ್ತು.

"ಮೂರು ದಿನದಿಂದ ವಾಂತಿ ಭೇದಿ ಅಂತೀಯ. ಇಷ್ಟು ದಿನ ಏನ್ ನೋಡ್ತಾ ಕೂತಿದ್ದೆ?"

"ನಿನಗೇ ಫೋನ್ ಮಾಡಿದ್ನಲ್ಲ ಅಣ್ಣ. ಸಕ್ಕರೆ ಉಪ್ಪಿನ ನೀರು ಕುಡಿಸು, ಎದ್ದು ಕುಣಿಯುತ್ತೆ ಅಂದೆ."

ಬೆರಳಪ್ಪ ಆ ಮಾತು ಬಿಟ್ಟು ನಾಯಿಯನ್ನು ಮೇಜಿನ ಮೇಲೆ ಮಲಗಿಸಿದ.

"ನಾಲ್ಕಕ್ಕೆ ಮಗಳು ಸ್ಕೂಲಿಂದ ಬರ್ತಾಳೆ. ಮಾವ ಇದಾರಲ್ಲ ಅಂತ ನಗ್ತಾ ಹೋಗಿದಾಳೆ. ಅಷ್ಟರೊಳಗೆ ತಲೆ ಎತ್ತೋ ಹಾಗಾದ್ರೂ ಮಾಡು."

ಮೂರು ತಿಂಗಳ ಹಿಂದೆ ಬಂದ ಹೊಸ ಡಾಕ್ಟರಮ್ಮ ನಾಯಿಯ ಬೆನ್ನಿನ ಚರ್ಮವನ್ನು ಚಿವುಟಿ ಎತ್ತಿ ಬಿಟ್ಟರು. ಅದು ಇಳಿಯಲೇ ಇಲ್ಲ, ಡೇರೆಯಂತೆ ನಿಂತಿತು. ಒಸಡು ಮುಟ್ಟಿದರೆ ಬೆರಳಿಗೆ ಅಂಟಿತು.

"ಮೈಯಲ್ಲಿ ನೀರೇ ಇಲ್ಲ. ನರಕ್ಕೇ ಹಾಕ್ಬೇಕು, ಜೋರಾಗಿ ಬಿಡ್ಬೇಕು. ಚರ್ಮದ ಕೆಳಗೆ ಮಾತ್ರ ಬೇಡ, ಈ ಸ್ಥಿತೀಲಿ ಹೀರ್ಕೊಳ್ಳಲ್ಲ. ಎರಡು ಸಲ ಸಿಗ್ಲಿಲ್ಲ ಅಂದ್ರೆ ಕರೀರಿ, ಕತ್ತಿನ ನರ ಹಿಡೀತೀನಿ."

"ಕರೀತೀನಿ ಬಿಡಿ ಮೇಡಂ, ಅಂಥಾ ದಿನ ಬಂದ್ರೆ."

ಹೆರಿಗೆಯಾಗದೆ ಒದ್ದಾಡುತ್ತಿದ್ದ ಬೆಕ್ಕೊಂದರ ಹೊಟ್ಟೆ ಕೊಯ್ಯಲು ಅವರು ಪಕ್ಕದ ಕೋಣೆಗೆ ಹೋದರು. ಬಾಗಿಲು ಅರ್ಧವೇ ಮುಚ್ಚಿತ್ತು.

ಬೆರಳಪ್ಪ ಬಲ ಮುಂಗಾಲಿಗೆ ಚುಚ್ಚಿದ. ರಕ್ತ ಬರಲಿಲ್ಲ. "ಇದು ಅಳತೆ ನೋಡೋಕೆ" ಎಂದ ತಂಗಿಗೆ. ಎಡ ಮುಂಗಾಲಿಗೆ ಚುಚ್ಚಿದ. ಅದಕ್ಕೇನೂ ಹೇಳಲಿಲ್ಲ. ಹಿಂಗಾಲಿಗೆ ಚುಚ್ಚುವಾಗ ಅವನ ಹಣೆಯಿಂದ ಇಳಿದ ಬೆವರು ಡುಮ್ಮನಿಗೆ ಎರಡು ದಿನಕ್ಕೆ ಸಾಕಾಗುವಷ್ಟಿತ್ತು. ನರಗಳೆಲ್ಲ ಬತ್ತಿ, ಬಟ್ಟೆಯ ದಾರದಂತೆ ಚಪ್ಪಟೆಯಾಗಿ ಮಲಗಿದ್ದವು.

"ನರ ಸಿಕ್ತಾ?" ಒಳಗಿನಿಂದ ಡಾಕ್ಟರಮ್ಮ ಕೇಳಿದರು.

ತಂಗಿ ಅವನ ಮುಖವನ್ನೇ ನೋಡುತ್ತಿದ್ದಳು.

"ಸಿಕ್ತು" ಎಂದ ಬೆರಳಪ್ಪ.

ಅಂದಮೇಲೆ ನೀರು ಎಲ್ಲಿಗಾದರೂ ಹೋಗಲೇಬೇಕಲ್ಲ. ಹೆಗಲುಗಳ ನಡುವಿನ ಚರ್ಮ ಎತ್ತಿ ಸೂಜಿ ಒಳಗಿಟ್ಟ. ಹತ್ತೇ ನಿಮಿಷದಲ್ಲಿ ಅರ್ಧ ಲೀಟರಿನ ಬಾಟಲಿ ಖಾಲಿ. ಡುಮ್ಮನ ಬೆನ್ನ ಮೇಲೆ ಒಂಟೆಗೂ ಹೊಟ್ಟೆಕಿಚ್ಚಾಗುವಂಥ ಗೂನು ಎದ್ದಿತು.

"ನಿನ್ನ ಕೈಯೇ ಕೈ ಅಣ್ಣ" ಎಂದಳು ತಂಗಿ. "ಎಷ್ಟು ಬೇಗ ಕುಡೀತು ನೋಡು."

ಅರ್ಧ ಗಂಟೆ ಹೋಯಿತು. ಗೂನು ಇದ್ದಂತೆಯೇ ಇತ್ತು. ಒಂದು ಗಂಟೆ ಹೋಯಿತು. ಒಸಡು ಸುಣ್ಣದಂತೆ ಬಿಳುಚಿತು, ಪಾದ ತಣ್ಣಗಾಯಿತು. ಬೆರಳಪ್ಪ ಸವರುವ ನೆಪದಲ್ಲಿ ಗೂನನ್ನು ಒತ್ತಿದ, ತಿಕ್ಕಿದ, ಹಿಟ್ಟು ನಾದುವಂತೆ ನಾದಿದ. ಡಾಕ್ಟರಮ್ಮ ಇದ್ದ ಕೋಣೆಯ ಬಾಗಿಲು ಆರು ಹೆಜ್ಜೆ ದೂರದಲ್ಲಿತ್ತು. ಕುದುರೆಯ ಜೊತೆ ಓಡಿದ ಕಾಲಿಗೆ ಆ ಆರು ಹೆಜ್ಜೆ ಮುಗಿಯಲಿಲ್ಲ.

ಡಾಕ್ಟರಮ್ಮ ಗ್ಲೌಸ್ ಕಳಚುತ್ತ ಬಂದರು. ಮೂರು ಕಾಲಿನ ಮೇಲೂ ಹತ್ತಿ, ಯಾವುದರಲ್ಲೂ ಸೂಜಿ ಇಲ್ಲ. ಬೆನ್ನಿನ ಮೇಲೆ ಕೈಯಿಟ್ಟರು.

"ಸಿಕ್ತು ಅಂದ್ರಲ್ಲ."

ಬೆರಳಪ್ಪ ಖಾಲಿ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದ. ಅವರು ಕತ್ತಿನ ಕೂದಲು ಬೋಳಿಸಿ ಒಂದೇ ಚುಚ್ಚಿಗೆ ನರ ಹಿಡಿದರು. ಹೊಸ ಬಾಟಲಿಯ ನೀರು ಎರಡು ಬೆರಳು ಇಳಿಯುವಷ್ಟರಲ್ಲಿ ಡುಮ್ಮನ ಉಸಿರು ನಿಂತಿತು. ಬೆನ್ನ ಮೇಲೆ ಅರ್ಧ ಲೀಟರ್ ನೀರು ಹೊತ್ತುಕೊಂಡೇ ಅದು ಬಾಯಾರಿ ಸತ್ತಿತ್ತು.

"ತರೋದೇ ತಡ ಆಯ್ತು" ಎಂದು ಬೆರಳಪ್ಪ ಶುರುಮಾಡಿದ. ತಂಗಿ ತಲೆ ಎತ್ತಿದ್ದೇ ಅವನ ಬಾಯಿ ಮುಚ್ಚಿತು.

ಅವಳು ನಾಯಿಯನ್ನು ತೋಳಿನ ಮೇಲೆ ಎತ್ತಿಕೊಂಡಳು. ಗೂನು ಮೆಲ್ಲಗೆ ಪಕ್ಕಕ್ಕೆ ಜಾರಿ ಅವಳ ಮೊಣಕೈ ಮೇಲೆ ಜೋತುಬಿತ್ತು.

"ಬರುವಾಗ ಹಗುರ ಇತ್ತು" ಎಂದಳು.

ಬಾಗಿಲ ಹತ್ತಿರ ನಿಂತಳು, ತಿರುಗಲಿಲ್ಲ.

"ನಾಲ್ಕಕ್ಕೆ ನೀನೇ ಬಾ ಅಣ್ಣ. ಅವಳಿಗೆ ನೀನೇ ಹೇಳು. ಕಥೆ ಚೆನ್ನಾಗಿ ಹೇಳ್ತೀಯಲ್ಲ."