ಬಣ್ಣ ಬಳಿದರೆ ಹೆಡಿಂಗ್ ಆಗುವುದಿಲ್ಲ

ಲಾಂಡ್ರಿ ಅಕ್ಕನ ಮಗಳಿಗೆ ದಿನ ತುಂಬುತ್ತಾ ಬಂದಿತ್ತು. ಮಗಳಿರುವುದು ದೂರದ ಊರಿನಲ್ಲಿ. "ಅಮ್ಮ, ಹೆರಿಗೆ ಹೊತ್ತಿಗೆ ನೀನು ಪಕ್ಕದಲ್ಲಿರ್ಬೇಕು" ಎಂದು ಫೋನಿನಲ್ಲಿ ದಿನಾ ಗೋಗರೆಯುತ್ತಿದ್ದಳು. ಅಕ್ಕನಿಗೇನು ಆಸೆ ಇಲ್ಲವೇ? ಆದರೆ ಲಾಂಡ್ರಿ ಅಂಗಡಿಯನ್ನು ಗಂಡನೊಬ್ಬನಿಗೇ ಬಿಟ್ಟು ಹೋಗುವುದು ಹೇಗೆ? ಹಿಂದೊಮ್ಮೆ ಮಗಳಿಗೆ ಜ್ವರವೆಂದು ಹೋದವಳು, ಗಂಡನ ಫೋನಿನ ಕಾಟ ತಡೆಯಲಾರದೆ ಮರುದಿನವೇ ವಾಪಸ್ಸು ಬಂದಿದ್ದಳು. "ಲೇ, ಉಣ್ಣೆ ಕೋಟಿಗೆ ಎಣ್ಣೆ ಬಿದ್ದಿದೆ, ಏನು ಹಾಕ್ಲಿ?" "ಲೇ, ಮಷೀನ್ ಬಾಗಿಲು ತೆಗೀತಿಲ್ಲ!"

ಉತ್ತರವನ್ನೆಲ್ಲ ಅಕ್ಕ ಬರೆದಿಟ್ಟೇ ಇದ್ದಳು. ಇಬ್ಬರೂ ತೆರೆಯಬಹುದಾದ ಆನ್‌ಲೈನ್ ಡಾಕ್ಯುಮೆಂಟಿನಲ್ಲಿ ಯಾವ ಕಲೆಗೆ ಏನು, ಯಾವ ಬಟ್ಟೆಗೆ ಎಷ್ಟು ಬಿಸಿ, ಯಾವ ಮಷೀನಿಗೆ ಏನು ರೋಗ, ಎಲ್ಲ ಇತ್ತು. ಪುಟಗಳು ಮಾತ್ರ ಮುಗಿಯುತ್ತಲೇ ಇರಲಿಲ್ಲ. ಗಂಡ ಮೌಸಿನ ಚಕ್ರ ತಿರುಗಿಸಿ ತಿರುಗಿಸಿ ಸುಸ್ತಾಗಿ, ಕೊನೆಗೆ ಫೋನೇ ಎತ್ತುತ್ತಿದ್ದ.

ಆ ಸಂಜೆ ಅಕ್ಕನ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಇಸ್ತ್ರಿಗೆ ಬಟ್ಟೆ ಕೊಡಲು ಬಂದಳು. ಅನುವಾದದ ಕೆಲಸ ಮಾಡುವವಳು. ಉದ್ದುದ್ದ ಬರಹಗಳ ನಡುವೆಯೇ ದಿನ ಕಳೆಯುವವಳು.

"ಯಾಕಕ್ಕಾ, ಮುಖ ಸಪ್ಪಗಿದೆ?"

"ಮಗಳ ಹತ್ರ ಹೋಗೋಕಾಗಲ್ಲ ಕಣೇ. ನಿಮ್ಮ ಭಾವನಿಗೆ ಕಣ್ಣೆದುರು ಇರೋದೂ ಕಾಣಲ್ಲ."

"ಕಾಣೋ ಹಾಗೆ ನೀನು ಬರೆದಿದ್ರೆ ತಾನೇ!" ಗಂಡ ಇಸ್ತ್ರಿ ಮೇಜಿನ ಹಿಂದಿನಿಂದಲೇ ಚುಚ್ಚಿದ.

"ಆಹಾ! ದಪ್ಪ ಅಕ್ಷರ, ದೊಡ್ಡ ಅಕ್ಷರ, ಕಲೆಗಳಿಗೆ ಕೆಂಪು, ಬಟ್ಟೆಗೆ ಹಸಿರು, ಮಷೀನಿಗೆ ನೀಲಿ! ಇನ್ನು ಆರತಿ ಎತ್ಬೇಕಾ ನಿಮಗೆ?"

ವಾರಗಿತ್ತಿ ಕಂಪ್ಯೂಟರ್ ಪರದೆ ನೋಡಿ ನಕ್ಕುಬಿಟ್ಟಳು. "ಅಯ್ಯೋ ಅಕ್ಕಾ, ಒಗೆಯೋ ಬಟ್ಟೆ ಥರಾನೇ ಬಣ್ಣ ನೋಡಿ ಬೇರೆ ಮಾಡಿದ್ದೀರಲ್ಲ! ನಮ್ಮ ಕಣ್ಣಿಗೇನೋ ಇದು ತಲೆಬರಹ. ಕಂಪ್ಯೂಟರಿಗೆ ಬರೀ ಕೆಂಪಗಿರೋ ಒಂದು ಸಾಲು."

"ಅದಕ್ಕೆ ಗೊತ್ತಾಗಿ ಏನಾಗ್ಬೇಕು? ಹುಡುಕೋ ವ್ಯವಸ್ಥೆ ಇದೆಯಲ್ಲ."

"ಸರಿ, 'ಎಣ್ಣೆ' ಅಂತ ಹುಡುಕಿ ನೋಡೋಣ."

ಅಕ್ಕ ಹುಡುಕಿದಳು. ಕಲೆಯ ಎಣ್ಣೆ, ಮಷೀನಿಗೆ ಬಿಡುವ ಎಣ್ಣೆ, ತಲೆಗೂದಲಿನ ಎಣ್ಣೆ ಹತ್ತಿದ ದಿಂಬು, ಪುಟಪುಟದಲ್ಲೂ ಎಣ್ಣೆ!

"ಈಗ 'ಕಲೆಗಳು' ಅನ್ನೋ ಸಾಲಿನ ಮೇಲೆ ಕರ್ಸರ್ ಇಡಿ. ಮೇಲ್ಗಡೆ 'ನಾರ್ಮಲ್ ಟೆಕ್ಸ್ಟ್' ಅಂತಿದೆಯಲ್ಲ, ಅದನ್ನ ಒತ್ತಿ 'ಹೆಡಿಂಗ್ 1' ಆರಿಸಿ. ಅದರೊಳಗಿನ 'ಉಣ್ಣೆ ಮೇಲೆ ಎಣ್ಣೆ'ಗೆ 'ಹೆಡಿಂಗ್ 2' ಕೊಡಿ. ದೊಡ್ಡ ವಿಷಯಕ್ಕೆ ಒಂದು, ಅದರ ಹೊಟ್ಟೆಯೊಳಗಿರೋದಕ್ಕೆ ಎರಡು."

ಪರದೆಯ ಎಡಗಡೆ, ಇಷ್ಟು ದಿನ ಖಾಲಿ ಬಿದ್ದಿದ್ದ ಜಾಗದಲ್ಲಿ, ಎರಡೂ ತಲೆಬರಹಗಳು ಮೂಡಿದವು.

"ಮತ್ತೆ ನನ್ನ ಕೆಂಪು ಬಣ್ಣ?"

"ಆಮೇಲೆ ಬೇಕಾದಷ್ಟು ಬಳ್ಕೊಳ್ಳಿ, ಯಾರು ಬೇಡ ಅಂತಾರೆ!"

ಅಕ್ಕ ಒಂದೊಂದೇ ತಲೆಬರಹಕ್ಕೆ ಹೆಡಿಂಗ್ ಕೊಡುತ್ತಾ ಹೋದಳು. ಕೈ ಪಳಗುತ್ತಿದ್ದಂತೆ ಹಾಡು ಗುನುಗತೊಡಗಿದಳು. ಮುಗಿದ ಮೇಲೆ ಗಂಡ ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಕುಳಿತ. ಎಡಗಡೆ 'ಬಾಗಿಲು ತೆಗೆಯದಿದ್ದರೆ' ಎಂಬುದನ್ನು ಒತ್ತಿದ. ಪುಟ ನೇರವಾಗಿ ಅಲ್ಲಿಗೇ ಬಂದು ನಿಂತಿತು.

"ಎಲಾ ಇವನ! ಒಂದೇ ಏಟಿಗೆ ಬಂತಲ್ಲೇ! ಮೊಬೈಲಲ್ಲೂ ಬರತ್ತಾ?"

"ಬರತ್ತೆ ಭಾವ. ಮೆನುವಿನಲ್ಲಿ 'ಡಾಕ್ಯುಮೆಂಟ್ ಔಟ್‌ಲೈನ್' ಅಂತ ಇರತ್ತೆ, ಅದನ್ನ ಒತ್ತಿದ್ರೆ ಇದೇ ಪಟ್ಟಿ ಬರತ್ತೆ."

ಗಂಡ ಹೆಂಡತಿಯ ಕಡೆ ತಿರುಗಿದ. "ಇನ್ನೇನು ನೋಡ್ತಾ ನಿಂತಿದ್ದೀಯಾ? ಬಟ್ಟೆ ಜೋಡಿಸ್ಕೋ ಹೋಗು. ಮಗಳು ಕಾಯ್ತಿದ್ದಾಳೆ." ಅಕ್ಕನಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

ಅಕ್ಕ ಮಗಳ ಊರಿಗೆ ಹೋದಳು, ಹೆರಿಗೆಯೂ ಸುಸೂತ್ರವಾಯಿತು. ಎಳೆಗೂಸು ತೊಡೆಯ ಮೇಲೆ ಮಲಗಿದ್ದಾಗ ಗಂಡನ ಫೋನು ಬಂತು.

"ಏನ್ರೀ, ಈಗೇನು ಸಿಗಲಿಲ್ಲ?"

"ಎಲ್ಲಾ ಸಿಕ್ತು ಕಣೇ. ಮಗು ಯಾರ ಹಾಗಿದೆ ಅಂತ ಕೇಳೋಣ ಅಂತ ಮಾಡ್ದೆ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಂಘದ ನಿಯಮಗಳೋ ಅಂಗಡಿಯ ಕೆಲಸವೋ, ನೀವೂ ಉದ್ದಕ್ಕೆ ಬರೆದಿಟ್ಟಿರುತ್ತೀರಿ. ಇವತ್ತೇ ಅದನ್ನು ತೆರೆಯಿರಿ. ಬಣ್ಣ ಬಳಿದು ಸುಮ್ಮನಾಗಬೇಡಿ, ತಲೆಬರಹಗಳಿಗೆ ಹೆಡಿಂಗ್ ಕೊಡಿ. ನೀವು ಊರಲ್ಲಿಲ್ಲದ ದಿನ ಅದನ್ನು ತೆರೆದು ಕೂರುವವರು ನಿಮ್ಮವರೇ ಅಲ್ಲವೇ?