ಹಾಗಾದ್ರೆ ಯಾರು?

ನಗರಸಭಾಭವನದ ಮೊದಲ ಸಾಲಿನಲ್ಲಿ ಕೂತಿದ್ದ ವೆಲ್ಡರ್‌ಗೆ ಹೊಸ ಅಂಗಿಯ ಕಾಲರ್ ಕತ್ತು ಹಿಸುಕುತ್ತಿತ್ತು. ಬೆಳಿಗ್ಗೆ ಗುಂಡಿ ಹಾಕಿಕೊಡುವಾಗ ಅಮ್ಮ, "ಬಿಡುಗಡೆ ಆದ ದಿನಾನೂ ನೀನು ಇಷ್ಟು ಚೆನ್ನಾಗಿ ಕಂಡಿರ್ಲಿಲ್ಲ ಬಿಡು" ಎಂದು ನಗಿಸಲು ನೋಡಿದ್ದಳು. ಅವನಿಗೆ ನಗು ಬಂದಿರಲಿಲ್ಲ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಅವನ ನಾಲಿಗೆ ಒಣಗುತ್ತಿತ್ತು. ಇಲ್ಲಿ ನೋಡಿದರೆ ಸಭಾಭವನ ಕಿಕ್ಕಿರಿದಿತ್ತು.

ನಗರದ ಕಾನೂನು ಕಾಲೇಜಿಗೆ ಅಂದು ಸನ್ಮಾನ. ಶಿಕ್ಷಣಕ್ಕೂ ನ್ಯಾಯಕ್ಕೂ ಅದು ಸಲ್ಲಿಸಿದ ಸೇವೆಗಾಗಿ ಮೇಯರ್ ಫಲಕ ಕೊಡುವವರಿದ್ದರು. ಆ ಸೇವೆಯ ಜೀವಂತ ಪುರಾವೆಯಾಗಿ ವೆಲ್ಡರ್ ಎರಡು ಮಾತಾಡಬೇಕಿತ್ತು. ಗೋದಾಮಿನ ಕಾವಲುಗಾರನೊಬ್ಬನನ್ನು ಕೊಂದನೆಂದು ಅವನನ್ನು ಹತ್ತು ವರ್ಷ ಒಳಗಿಟ್ಟಿದ್ದರು. ಕಾಲೇಜಿನ ಅಧ್ಯಾಪಕಿಯೊಬ್ಬರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಆ ಮೊಕದ್ದಮೆಯನ್ನು ಮತ್ತೆ ಕೆದಕಿದರು. ಕೊಲೆ ನೋಡಿದೆ ಎಂದಿದ್ದ ಸಾಕ್ಷಿಯ ಮನೆಗೆ ಹೋಗಿ, ಅವನು ನಿಂತಿದ್ದೆನೆಂದ ಕಿಟಕಿಯಲ್ಲೇ ನಿಂತು ನೋಡಿದರು. ಅಲ್ಲಿಂದ ಕೊಲೆ ನಡೆದ ಗೋದಾಮಿನ ಹಿಂಬಾಗಿಲು ಕಾಣುವುದೇ ಇಲ್ಲ. ನಡುವೆ ಹಳೆಯ ಗೋಡೆಯೊಂದು ಅಡ್ಡ ನಿಂತಿದೆ. ಅಷ್ಟು ವರ್ಷ ಆ ಕಿಟಕಿಯ ಹತ್ತಿರ ಯಾರೂ ಹೋಗಿರಲಿಲ್ಲ. ನ್ಯಾಯಾಲಯ ಅವನನ್ನು ನಿರ್ದೋಷಿ ಎಂದು ಬಿಟ್ಟಿತು. ಜೈಲಿನಲ್ಲಿ ಕಾನೂನು ಪುಸ್ತಕ ಓದಿ ಓದಿ ಕಣ್ಣು ಹಾಳುಮಾಡಿಕೊಂಡಿದ್ದ ಅವನನ್ನು ಈಗ ವರ್ಕ್‌ಶಾಪಿನ ಗೆಳೆಯರು ‘ಲಾಯರ್ ಸಾಹೇಬ್ರು’ ಎಂದು ರೇಗಿಸುತ್ತಿದ್ದರು.

ವೇದಿಕೆಯ ಮೇಲೆ ಭಾಷಣ ಸಾಗಿತ್ತು. ಹಿಂದೆ ಬಾಗಿಲು ತೆರೆದ ಸದ್ದಿಗೆ ಅಮ್ಮ ತಿರುಗಿ ನೋಡಿದವಳು ಮಗನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

"ಏಳು. ಮನೆಗೆ ಹೋಗೋಣ."

"ಯಾಕಮ್ಮಾ?"

"ಅವಳು ಬಂದಿದಾಳೆ."

ವೆಲ್ಡರ್ ತಿರುಗಿದ. ಕೊನೆಯ ಸಾಲಿನ ಹಿಂದೆ, ಆಸ್ಪತ್ರೆಯ ಬಿಳಿ ಸಮವಸ್ತ್ರದಲ್ಲೇ, ಸತ್ತ ಕಾವಲುಗಾರನ ಅಕ್ಕ ನಿಂತಿದ್ದಳು. ಎದೆಗೆ ಚೀಲವೊಂದನ್ನು ಅವುಚಿಕೊಂಡಿದ್ದಳು. ವಿಚಾರಣೆಯ ಒಂದು ದಿನವನ್ನೂ ಆ ನರ್ಸ್ ತಪ್ಪಿಸಿರಲಿಲ್ಲ. ಶಿಕ್ಷೆಯಾದ ದಿನ ನ್ಯಾಯಾಲಯದ ಮೆಟ್ಟಿಲ ಮೇಲೆ ಅಮ್ಮನನ್ನು ತಡೆದು, "ಇಂಥವನನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ" ಎಂದಿದ್ದಳು. ಅಮ್ಮ ತುಟಿಪಿಟಕ್ಕೆನ್ನದೆ ಇಳಿದು ಬಂದಿದ್ದಳು. ಆಮೇಲೆಷ್ಟೋ ದಿನ ಅಮ್ಮನಿಗೆ ಊಟ ಸೇರಿರಲಿಲ್ಲ ಎಂಬುದು ಅವನಿಗೆ ಗೊತ್ತಾದದ್ದು ಈಚೆಗೆ.

ಪಕ್ಕದಲ್ಲಿದ್ದ ಅಧ್ಯಾಪಕಿಯೂ ನೋಡಿದರು. ಮುಖ ಬಿಗಿಯಿತು. "ಪೊಲೀಸ್ನೋರಿಗೆ ಒಂದು ಮಾತು ಹೇಳ್ಲಾ? ಸುಮ್ನೆ ಹೊರಗಡೆ ಕರ್ಕೊಂಡು ಹೋಗ್ತಾರೆ, ಅಷ್ಟೇ."

"ಬೇಡ ಮೇಡಂ. ಹೊರಗೆ ಹಾಕೋಕೆ ಅವರೇನು ತಪ್ಪು ಮಾಡಿದಾರೆ?"

"ಅವಳ ಚೀಲ ನೋಡೋ," ಎಂದಳು ಅಮ್ಮ.

ಅಷ್ಟರಲ್ಲಿ ಅವನನ್ನು ಕರೆದರು. ಚಪ್ಪಾಳೆ ಬಿತ್ತು. ಮುಳ್ಳಿನ ಮೇಲೆ ಕಾಲಿಡುವವನಂತೆ ಅವನು ಮೆಟ್ಟಿಲು ಹತ್ತಿದ. ಒಂದು ಪಕ್ಕ ಮೇಯರ್, ಇನ್ನೊಂದು ಪಕ್ಕ ಪೊಲೀಸ್ ಕಮಿಷನರ್. ಮೈಕಿನ ಮುಂದೆ ನಿಂತು, "ನನ್ನನ್ನ ಬಿಡಿಸಿದ ಕಾಲೇಜಿಗೆ, ಮೇಡಂಗೆ, ಆ ಮಕ್ಕಳಿಗೆ..." ಎಂದು ಶುರುಮಾಡಿದ.

ನರ್ಸ್ ನಡುದಾರಿಯಲ್ಲಿ ನಡೆದು ಬರುತ್ತಿದ್ದಳು. ಒಂದು ಕೈ ಚೀಲದೊಳಗಿತ್ತು.

ಜನ ತಿರುಗಿದರು. ಪಿಸುಮಾತು ಹರಡಿತು. ಗೋಡೆಗೊರಗಿದ್ದ ಪೇದೆಗಳಿಬ್ಬರು ಸರಕ್ಕನೆ ಮುಂದೆ ಬಂದು ಅವಳ ತೋಳು ಹಿಡಿದರು. ಅಮ್ಮ ಕುರ್ಚಿಯಿಂದೆದ್ದು ಮಗನಿಗೂ ಅವಳಿಗೂ ಅಡ್ಡ ಬಂದು ನಿಂತಳು. ಸಣಕಲು ಮೈಯ ಆ ಮುದುಕಿ ಎರಡೂ ಕೈ ಅಗಲಿಸಿದ್ದಳು.

"ಬಿಡಿ ಅವರನ್ನ!" ವೆಲ್ಡರ್‌ನ ದನಿ ಮೈಕಿನಲ್ಲಿ ಭವನವಿಡೀ ಮೊಳಗಿತು. "ಅವರು ಸತ್ತವರ ಅಕ್ಕ. ಬರ್ಲಿ."

ಪೇದೆಗಳು ಕಮಿಷನರ್ ಕಡೆ ನೋಡಿದರು. ಒಬ್ಬ ಚೀಲಕ್ಕೆ ಕೈಹಾಕಿ ತಡಕಿದ. ಕರವಸ್ತ್ರ, ಬೀಗದ ಕೈ, ಒಂದು ಟಿಫಿನ್ ಡಬ್ಬಿ. ಕೈ ನಡುಗುವುದು ಯಾರಿಗೂ ಕಾಣದಿರಲೆಂದು ಅವಳು ಅದನ್ನು ಒಳಗಿಟ್ಟುಕೊಂಡಿದ್ದಳು, ಅಷ್ಟೆ. ಈಗ ಅದು ಎಲ್ಲರಿಗೂ ಕಂಡಿತು.

ವೆಲ್ಡರ್ ಮೈಕಿನಿಂದ ಪಕ್ಕಕ್ಕೆ ಸರಿದ. ಕಾರ್ಯಕ್ರಮ ನಡೆಸುತ್ತಿದ್ದವನು ಓಡಿ ಬಂದು, "ರೀ, ಇದು ಕಾರ್ಯಕ್ರಮದಲ್ಲಿ ಇಲ್ಲ!" ಎಂದು ಪಿಸುಗುಟ್ಟಿದ.

"ನನ್ನ ಮಾತಿನ ಹೊತ್ತು ಅವರಿಗೆ ಕೊಟ್ಟಿದೀನಿ. ಅದಾದ್ರೂ ನಂದಲ್ವಾ?"

ನರ್ಸ್ ವೇದಿಕೆ ಹತ್ತಲಿಲ್ಲ. ಕೆಳಗೇ ನಿಂತು, ಮೈಕಿಲ್ಲದೆಯೇ ಮಾತಾಡಿದಳು.

"ಹತ್ತು ವರ್ಷ ನಾನು ಇವನನ್ನ ಶಪಿಸ್ದೆ. ಬೆಳಗ್ಗೆ ಎದ್ರೆ ಅದೇ ನನ್ನ ಕೆಲಸ. ಆಮೇಲೆ ಒಂದಿನ, ಇವನಲ್ಲ ಅಂದ್ರಿ. ಆಯ್ತು, ನಂಬಿದೆ. ಆ ಕಿಟಕೀಲಿ ನಾನೂ ಹೋಗಿ ನಿಂತು ನೋಡ್ದೆ. ಹಾಗಾದ್ರೆ ಯಾರು? ಅದನ್ನ ಕೇಳೋಕೆ ಸ್ಟೇಷನ್ನಿಗೆ ಹೋದ್ರೆ, ಕೇಸು ಮುಗೀತಮ್ಮ ಅಂತಾರೆ. ಕಾಲೇಜಿಗೆ ಬಂದ್ರೆ, ನಮ್ಮ ಕಕ್ಷಿದಾರರು ಬಿಡುಗಡೆ ಆದ್ರು ಅಂತಾರೆ. ಎಲ್ಲರಿಗೂ ಮುಗೀತು. ನನ್ನ ತಮ್ಮ ಇನ್ನೂ ಆ ಹಿಂಬಾಗಿಲ ಹತ್ರಾನೇ ಬಿದ್ದಿದಾನೆ."

ಮೇಯರ್ ನೀರಿನ ಲೋಟಕ್ಕೆ ಕೈಚಾಚಿದರು, ಕುಡಿಯಲಿಲ್ಲ. ಕಮಿಷನರ್ ಎದ್ದು, "ನೋಡಿ ತಾಯಿ, ಇದು ಅದಕ್ಕೆ ತಕ್ಕ ಜಾಗ ಅಲ್ಲ" ಎಂದರು.

"ತಕ್ಕ ಜಾಗ ಯಾವುದು ಸಾರ್?" ವೆಲ್ಡರ್ ಕೇಳಿದ. ಪೊಲೀಸ್ ಸಮವಸ್ತ್ರದ ಎದುರು ಅವನು ಹಿಂದೊಮ್ಮೆ ದನಿಯೆತ್ತಿದ್ದಾಗ ಅವನ ಎರಡು ಹಲ್ಲು ಹೋಗಿದ್ದವು. "ಹೇಳಿ. ನಾವಿಬ್ರೂ ಅಲ್ಲಿಗೇ ಬರ್ತೀವಿ."

ಹಿಂದಿನಿಂದ ಯಾವನೋ ವಿದ್ಯಾರ್ಥಿ, "ಉತ್ತರ ಕೊಡಿ ಸಾರ್!" ಎಂದು ಕೂಗಿದ. ಇನ್ನೊಬ್ಬಳು ದನಿಗೂಡಿಸಿದಳು. ಪ್ರಾಂಶುಪಾಲರು ಅಧ್ಯಾಪಕಿಯ ಕಡೆ ದುರುಗುಟ್ಟಿ ನೋಡಿದರು. ಆಕೆ ಅವರನ್ನು ನೋಡಲೇ ಇಲ್ಲ. ಎದ್ದು ಬಂದು ನರ್ಸ್ ಪಕ್ಕ ನಿಂತರು.

"ನೀವು ಕಾಲೇಜಿಗೆ ಬಂದಿದ್ದು ನನಗೆ ಯಾರೂ ಹೇಳ್ಲಿಲ್ಲ," ಎಂದರು. "ಹೇಳಿದ್ರೂ ಏನು ಮಾಡ್ತಿದ್ದೆನೋ, ಗೊತ್ತಿಲ್ಲ. ನಾಳೆಯಿಂದ ನೀವೇ ನಮ್ಮ ಕಕ್ಷಿದಾರರು. ಒಪ್ಪಿಗೆಯಾ?"

ನರ್ಸ್ ತಲೆಯಾಡಿಸಿದಳು. ಕಮಿಷನರ್ ಮೇಯರ್ ಕಿವಿಯಲ್ಲಿ ಏನೋ ಹೇಳಿ, ಕೊನೆಗೆ ಮೈಕಿಗೆ ಬಂದು, ತನಿಖೆಯನ್ನು ಮತ್ತೆ ತೆರೆಯುವುದಾಗಿ ಎಲ್ಲರೆದುರು ಹೇಳಬೇಕಾಯಿತು. ಹೇಳಿದ ರೀತಿ ಕಹಿ ಗುಳಿಗೆ ನುಂಗಿದ ಹಾಗಿತ್ತು. ಫಲಕವನ್ನು ತರಾತುರಿಯಲ್ಲಿ ಪ್ರಾಂಶುಪಾಲರ ಕೈಗಿತ್ತು ಸಭೆ ಮುಗಿಸಿದರು.

ಹೊರಗೆ ಮೆಟ್ಟಿಲ ಮೇಲೆ ಅಮ್ಮ ಮತ್ತು ನರ್ಸ್ ಎದುರುಬದುರಾದರು. ನರ್ಸ್ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಅಮ್ಮನೂ ಅವಳಿಗೆ ನೆರವಾಗಲಿಲ್ಲ. ಒಂದು ಗಳಿಗೆ ನೋಡಿ, ಮಗನ ತೋಳು ಹಿಡಿದು ಇಳಿದಳು. ಬಸ್ಸಿನಲ್ಲಿ ಕೂತ ಮೇಲೆ, "ಅವಳು ಸೊರಗಿ ಕಡ್ಡಿಯಾಗಿದಾಳೆ," ಎಂದಷ್ಟೇ ಅಂದಳು.

ವರ್ಷ ಕಳೆಯುವ ಮುನ್ನ ಬೇಸಗೆಯ ಒಂದು ಮಧ್ಯಾಹ್ನ, ವರ್ಕ್‌ಶಾಪಿನಲ್ಲಿ ಗೇಟೊಂದಕ್ಕೆ ಬೆಸುಗೆ ಹಾಕುತ್ತಿದ್ದ ವೆಲ್ಡರ್ ಮುಖವಾಡ ಎತ್ತಿದಾಗ ಬಾಗಿಲಲ್ಲಿ ನರ್ಸ್ ನಿಂತಿದ್ದಳು. ಕಿಡಿ ಹಾರುವುದು ನಿಲ್ಲಲೆಂದು ಎಷ್ಟು ಹೊತ್ತಿನಿಂದ ಕಾದಿದ್ದಳೋ.

"ಸಿಕ್ಕಿದ," ಎಂದಳು. "ಗೋದಾಮಿನ ಲಾರಿ ಓಡಿಸ್ತಿದ್ದೋನು. ಸುಳ್ಳು ಸಾಕ್ಷಿ ಹೇಳಿದೋನ ಭಾವಮೈದುನ. ಮೇಡಂ ಹುಡುಗ್ರು ಆ ನಂಟು ಹಿಡಿದು ಹೋದ್ರು. ಈಗಷ್ಟೇ ಒಪ್ಪಿಕೊಂಡ್ನಂತೆ. ನಮ್ಮೋರಿಗೆ ಇನ್ನೂ ಯಾರಿಗೂ ಹೇಳಿಲ್ಲ."

ಅವನಿಗೆ ಸಂತೋಷವಾಗಬೇಕಿತ್ತು. ಆದರೆ ಕಬ್ಬಿಣದ ರಾಶಿಯ ಮೇಲೆ ಕೂತುಬಿಟ್ಟ. ಅವಳು ನಿಂತೇ ಇದ್ದಳು.

"ಅಮ್ಮ ಮನೇಲಿದಾರಾ?" ಎಂದು ಕೇಳಿದಳು.

"ಇದಾರೆ."

"ಇದನ್ನ ಅವರಿಗೆ ನಾನೇ ಹೇಳ್ಬೇಕು. ಬಾಗಿಲು ಮುಚ್ಕೊಂಡ್ರೆ ಹೊರಗಿಂದ್ಲೇ ಹೇಳಿ ಬರ್ತೀನಿ."

ವೆಲ್ಡರ್ ಎದ್ದು ಕೈಗವಸು ತೆಗೆದಿಟ್ಟ. ಇಬ್ಬರೂ ಮನೆಯ ಕಡೆ ನಡೆದರು. ಅಮ್ಮ ಬಾಗಿಲು ತೆರೆದು ಮೊದಲು ಮಗನ ಮುಖ ನೋಡಿದಳು, ಆಮೇಲೆ ಅವಳದು.

ಕೊನೆಗೆ, "ಬಿಸಿಲಲ್ಲಿ ಯಾಕೆ ನಿಂತೆ," ಎನ್ನುತ್ತ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು.