ಬಿಸಿಲಿಗೆ ಬೆಂದ ರೊಟ್ಟಿ

"ಬಾಗಿಲಲ್ಲೇ ಇಡು ಅದನ್ನ. ಒಳಗೆ ತರಬೇಡ," ಎಂದ ಕ್ರಿಕೋರ್.

ಸಿರ್ವಾರ್ಡ್ ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು, ಜಾಲರಿ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ನಿಂತಿದ್ದಳು. ಅವಳು ಕ್ರಿಕೋರನ ಚಿಕ್ಕಪ್ಪನ ಮಗಳು. ಫ್ರೆಸ್ನೋ ಪಟ್ಟಣದಲ್ಲಿ ಪ್ರತಿ ಗುರುವಾರ, ಏನನ್ನೂ ಬೇಯಿಸದೆ ತಿನ್ನುವ ಹಸಿ ಊಟದವರ ಗುಂಪನ್ನು ಸೇರಿಸುವವಳೂ ಅವಳೇ. ಆಗಸ್ಟ್ ಕೊನೆಯ ಬಿಸಿಲಿನಲ್ಲಿ ಕಾರು ಓಡಿಸಿಕೊಂಡು ಬಂದು ಅವಳ ಮುಖ ಟೊಮೆಟೊ ಹಣ್ಣಾಗಿತ್ತು.

"ಬಾಂಬ್ ತಂದಿದೀನಾ ಅಣ್ಣಾ? ಒಣಗಿಸೋ ಮೆಷಿನ್ನು. ಇದಿಲ್ಲದೆ ಹಸಿ ಊಟ ನಡೆಯಲ್ಲ ಕಣಣ್ಣಾ. ಬರೀ ಸೊಪ್ಪು, ಸೌತೆಕಾಯಿ ಎಷ್ಟು ದಿನ ಅಂತ ಅಗೀತೀಯ? ಹಲ್ಲಿಗೂ ಏನಾದ್ರೂ ಕೆಲಸ ಬೇಡ್ವಾ? ನಮ್ಮ ಗುಂಪಿಗೆ ಬಂದ ಗಂಡಸರೆಲ್ಲ ಬೇಕರಿ ವಾಸನೆ ಹಿಡ್ಕೊಂಡು ಓಡಿಹೋದೋರೇ. ಇದ್ರಲ್ಲಿ ರೊಟ್ಟಿ ಆಗುತ್ತೆ, ಬಿಸ್ಕತ್ತಾಗುತ್ತೆ. ನೂರ ಹದಿನೆಂಟು ಡಿಗ್ರಿ ದಾಟಲ್ಲ, ಅದಕ್ಕೆ ನಾನು ಗ್ಯಾರಂಟಿ."

"ನಾನು ದ್ರಾಕ್ಷಿ ಒಣಗಿಸೋನು. ನಮ್ಮಪ್ಪನೂ ಅದೇ, ತಾತನೂ ಅದೇ. ಫ್ಯಾನ್ ಹಾಕಿದ ಪೆಟ್ಟಿಗೆ ನನಗ್ಯಾಕೆ? ಮೇಲೆ ನೋಡು. ಸೂರ್ಯ ರಜೆ ಹಾಕಿದಾನಾ?"

ಸಿರ್ವಾರ್ಡ್ ಒಲೆಯ ಪಕ್ಕ ನಿಂತಿದ್ದ ಅರಾಕ್ಸಿಯ ಕಡೆ ನೋಡಿದಳು. ಅರಾಕ್ಸಿ ಕಣ್ಣಿನಲ್ಲೇ, ಇಟ್ಟು ಹೋಗು ಎಂದಳು. ಪೆಟ್ಟಿಗೆ ಜಗಲಿಯ ಬೆಂಚಿನ ಮೇಲೆ ಕುಳಿತಿತು.

ಗಂಡನ ಸಿಟ್ಟು ಎಲ್ಲಿಂದ ಬಂದದ್ದೆಂದು ಅರಾಕ್ಸಿಗೆ ಗೊತ್ತಿತ್ತು. ಒಣದ್ರಾಕ್ಷಿ ಬೆಳೆಯುವ ಆ ಸೀಮೆಯಲ್ಲಿ ಒಣಗಿಸುವ ಯಂತ್ರ ಎಂದರೆ ರೈಲುಹಳಿಯ ಆಚೆಗಿರುವ ತಗಡಿನ ಕಾರ್ಖಾನೆ. ಸೆಪ್ಟೆಂಬರಿನಲ್ಲಿ ಅಕಾಲ ಮಳೆ ಬಿದ್ದು, ಸಾಲುಗಳ ನಡುವೆ ಹರಡಿದ ಹಣ್ಣು ನೆನೆದುಹೋದರೆ, ಬೇರೆ ದಾರಿ ಇಲ್ಲದವರು ಅಲ್ಲಿಗೆ ಲಾರಿ ಕಳಿಸುತ್ತಾರೆ. ಕ್ರಿಕೋರನ ಅಪ್ಪ ಒಂದು ವರ್ಷ ಕಳಿಸಿದ್ದ. ಅಂದು ಮನೆಗೆ ಬಂದವನು ಟೋಪಿಯನ್ನೂ ತೆಗೆಯದೆ, ಊಟವನ್ನೂ ಮಾಡದೆ, ಗೋಡೆಗೆ ಮುಖ ಮಾಡಿ ಮಲಗಿದ್ದನಂತೆ. ಮದುವೆಯಾದ ಹೊಸದರಲ್ಲಿ ಕ್ರಿಕೋರ್ ಇದನ್ನು ಹೇಳಿದ್ದ. ಆಮೇಲೆ ಅದರ ಮಾತೇ ಎತ್ತಿರಲಿಲ್ಲ.

ಹಸಿ ಊಟ ಶುರುವಾದದ್ದು ಹಿಂದಿನ ಚಳಿಗಾಲದಲ್ಲಿ. ಕ್ರಿಕೋರನ ಅಣ್ಣ ನಿಶಾನ್ ಬಳ್ಳಿ ಸವರುತ್ತಿದ್ದವನು ಕತ್ತರಿ ಹಿಡಿದುಕೊಂಡೇ ಸಾಲಿನಲ್ಲಿ ಕುಸಿದುಬಿದ್ದ. ತಿಂಗಳಾಗುವುದರೊಳಗೆ ಕ್ರಿಕೋರನಿಗೂ ಎದೆ ಹಿಡಿಯಿತು. ಇವನು ಉಳಿದುಕೊಂಡ. ಡಾಕ್ಟರು ಮಾತ್ರೆ ಕೊಟ್ಟರು, ಕೊಬ್ಬು ಬಿಡು, ನಡೆದಾಡು ಎಂದರು. ಮಾತ್ರೆಯನ್ನು ಅವನು ತಪ್ಪದೆ ನುಂಗುತ್ತಿದ್ದ. ಆದರೆ ಧೈರ್ಯ ಬಂದದ್ದು ಸಿರ್ವಾರ್ಡಳ ಗುರುವಾರದ ಗುಂಪಿನಿಂದ. ಬೆಂಕಿ ಕಂಡ ಊಟ ಸತ್ತ ಊಟ ಎಂದು ಅಲ್ಲಿ ಹೇಳಿಕೊಟ್ಟರು. ನೂರ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದೆಲ್ಲ ಬೆಂದದ್ದೇ. ಆ ಗುಂಪಿನವರೆಲ್ಲ ಸೂಜಿಯಂಥ ಉದ್ದ ಮೂತಿಯ ಒಂದು ಥರ್ಮಾಮೀಟರನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಯಾರ ಮನೆಯಲ್ಲಿ ಏನು ಕೊಟ್ಟರೂ ಮೊದಲು ಚುಚ್ಚಿ ನೋಡುತ್ತಾರೆ. ಕ್ರಿಕೋರನೂ ಅಂಗಿಯ ಜೇಬಿಗೆ ಒಂದನ್ನು ಸಿಕ್ಕಿಸಿಕೊಂಡ. ಇನ್ನೊಂದು ಜೇಬಿನಲ್ಲಿ ಅವನದೇ ತೋಟದ ಒಣದ್ರಾಕ್ಷಿ.

ಮೊದಮೊದಲು ಅರಾಕ್ಸಿ ನಕ್ಕಿದ್ದಳು. "ಹಸೀದು ತಿನ್ನೋದನ್ನ ನಮಗೆ ಇವರು ಹೇಳಿಕೊಡಬೇಕಾ ಮಾರಾಯ? ಹಬ್ಬಕ್ಕೆ ಚೀ ಕುಫ್ತಾ ಮಾಡ್ತೀನಲ್ಲ, ಹಸಿ ಕುರಿಮಾಂಸ. ಅದನ್ನೇ ತಿನ್ನು, ನಿನ್ನ ಗುಂಪಿಗೆ ನೀನೇ ಅಧ್ಯಕ್ಷ ಆಗ್ತೀಯ."

"ಅದಕ್ಕೆ ಬುಲ್ಗುರ್ ಹಾಕ್ತೀಯ. ಗೋಧಿ ಬೇಯಿಸಿ ಒಣಗಿಸಿ ನುಚ್ಚು ಮಾಡಿರ್ತಾರೆ. ಬೆಂದಿರುತ್ತೆ," ಎಂದಿದ್ದ ಕ್ರಿಕೋರ್. ಅವನು ನಗಲಿಲ್ಲ.

ಅವನು ನಗಲಿಲ್ಲವೆಂದ ಮೇಲೆ ಅವಳ ನಗುವೂ ನಿಂತಿತು. ಈಗ ಅವನು ಹಣ್ಣು, ಸೊಪ್ಪು ಹೆಚ್ಚಿಕೊಂಡು ನಲ್ಲಿಯ ಮುಂದೆ ನಿಂತೇ ತಿಂದುಬಿಡುತ್ತಾನೆ. ಪಿಲಾಫ್ ಅನ್ನದ ವಾಸನೆ ಬಂದರೆ ಮನೆಯಿಂದ ಎದ್ದು ಹೋಗುತ್ತಾನೆ. ಬೇಡವಾಗಿ ಅಲ್ಲ, ಬೇಕೆನಿಸಿಯೇ ಹೋಗುವುದೆಂದು ಅವಳಿಗೆ ಗೊತ್ತು. ಅದಕ್ಕೇ ಅವನು ತೋಟದಲ್ಲಿದ್ದಾಗ ಅಷ್ಟಿಷ್ಟು ಬೇಯಿಸಿಕೊಂಡು, ಕಿಟಕಿಗಳನ್ನೆಲ್ಲ ತೆರೆದಿಟ್ಟು, ಕಳ್ಳಿಯ ಹಾಗೆ ಒಬ್ಬಳೇ ಉಣ್ಣುತ್ತಾಳೆ. ಎರಡು ಕುರ್ಚಿಯ ಮೇಜಿನಲ್ಲಿ ಒಂದು ಕುರ್ಚಿಯ ಮೇಲೆ ಹಳೆಯ ಪತ್ರಿಕೆಗಳು ಸೇರಿಕೊಂಡಿವೆ. ಇಷ್ಟೂ ಸಾಲದೆಂದು ಅವನು ಸೊರಗುತ್ತಿದ್ದ. ಬೆಲ್ಟಿಗೆ ಮೊಳೆ ಹೊಡೆದು ಹೊಸ ತೂತು ಮಾಡಿಕೊಂಡಿದ್ದ. ಬಿರುಬಿಸಿಲಿನಲ್ಲೂ ಅವನ ಕೈ ತಣ್ಣಗಿರುತ್ತಿತ್ತು.

ಅರಾಕ್ಸಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಅವನೂ ತಿನ್ನಬಹುದಾದ, ತಾನೂ ತಿನ್ನಬಹುದಾದ ಒಂದೇ ಒಂದು ಪದಾರ್ಥ. ಅದರ ಎರಡು ಬದಿಗೆ ಇಬ್ಬರೂ ಕೂರಬೇಕು.

ಲವಾಶ್ ಮಾಡುತ್ತೇನೆ ಎಂದುಕೊಂಡಳು, ಹಾಳೆಯಂಥ ತೆಳ್ಳನೆಯ ಗೋಧಿ ರೊಟ್ಟಿ. ಬೆಂಕಿ ಬೇಡ, ಪೆಟ್ಟಿಗೆಯೂ ಬೇಡ; ಅವನ ಸೂರ್ಯನೇ ಸುಡಲಿ. ಗೋಧಿ ನೆನೆಸಿ, ಬಟ್ಟೆ ಕಟ್ಟಿ, ಮೊಳಕೆ ಬರಿಸಿದಳು. ಉಪ್ಪು ಹಾಕಿ ರುಬ್ಬಿ, ಎಳ್ಳು ಸೇರಿಸಿದಳು. ಕೊಯ್ಲಿನವರು ಉಳಿಸಿಹೋಗಿದ್ದ ಕಾಗದದ ಹಾಳೆಗಳು ಕೊಟ್ಟಿಗೆಯಲ್ಲಿದ್ದವು, ದ್ರಾಕ್ಷಿ ಹರಡುವ ಕಂದು ಹಾಳೆಗಳು. ಅವುಗಳ ಮೇಲೆ ಹಿಟ್ಟನ್ನು ಅಂಗೈಯಿಂದ ತೆಳ್ಳಗೆ ಸವರಿ, ತೋಟದ ಮೊದಲ ಸಾಲಿನಲ್ಲಿ, ದ್ರಾಕ್ಷಿ ಹಾಳೆಗಳ ಪಕ್ಕದಲ್ಲೇ ನೆಲಕ್ಕೆ ಹಾಸಿದಳು. ಹಣ್ಣು ಹರಡಿ ವಾರ ಕಳೆದಿತ್ತು. ಹಸಿರು ಹೋಗಿ ನೇರಳೆ, ನೇರಳೆ ಹೋಗಿ ಕಂದು ಬರುತ್ತಿತ್ತು. ಸಾಲಿನ ತುಂಬ ಬೆಲ್ಲದಂಥ ವಾಸನೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಲವಾಶ್ ಅಂಚು ಮಡಚಿಕೊಂಡು ಎದ್ದಿತ್ತು. ತುದಿ ಮುರಿದರೆ ಸದ್ದಾಯಿತು. ಅರಾಕ್ಸಿ ಹುಡುಗಿಯ ಹಾಗೆ ಓಡಿಹೋಗಿ ಅವನನ್ನು ಕರೆತಂದಳು.

ಕ್ರಿಕೋರ್ ಹಾಳೆಯ ಮುಂದೆ ಮಂಡಿಯೂರಿ ಕುಳಿತ. ಬಗ್ಗಿ ಮೂಸಿದ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ.

"ಲವಾಶ್," ಎಂದ.

"ಮತ್ತಿನ್ನೇನು, ಕಂಬಳಿನಾ? ಮುರ್ಕೊ."

ಅವನ ಕೈ ರೊಟ್ಟಿಯ ಕಡೆ ಹೋಗಿ, ಅರ್ಧದಲ್ಲಿ ನಿಂತು, ಜೇಬಿಗೆ ಬಂತು. ಥರ್ಮಾಮೀಟರಿನ ಮೂತಿಯನ್ನು ರೊಟ್ಟಿಯ ಕೆಳಗೆ, ಕಾಗದಕ್ಕೂ ಅದಕ್ಕೂ ನಡುವೆ ತೂರಿಸಿದ. ಮುಳ್ಳು ಏರಿತು, ನೂರು, ನೂರ ಹತ್ತು, ನೂರ ಹದಿನೆಂಟು. ಅಲ್ಲಿ ನಿಲ್ಲಲಿಲ್ಲ. ನೂರ ಮೂವತ್ತನ್ನೂ ದಾಟಿ ಹೋಯಿತು.

"ಬೆಂದುಹೋಗಿದೆ, ಅರಾಕ್ಸಿ," ಎಂದ ಅವನು. ಬೈದ ದನಿಯಲ್ಲ ಅದು. ಸಾವಿನ ಮನೆಯಲ್ಲಿ ಮಾತಾಡುವ ದನಿ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಗೋಧಿ ಹಸನು ಮಾಡಿದ ಕೈ, ರುಬ್ಬಿದ ತೋಳು, ಏಳು ತಿಂಗಳ ಒಂಟಿ ಊಟ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಬಾಯಿ ತೆರೆದೂ ತೆರೆದಳು. ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಗೇಣು ದೂರದಲ್ಲೇ ದ್ರಾಕ್ಷಿ ಬಿದ್ದಿತ್ತು. ಅದೇ ನೆಲ, ಅದೇ ಕಾಗದ, ಅದೇ ಬಿಸಿಲು. ರೊಟ್ಟಿ ಬೆಂದಿದ್ದರೆ ಇದು? ಇವನು ಚಳಿಗಾಲದಿಂದ ಜೇಬು ತುಂಬಿಕೊಂಡು ತಿನ್ನುತ್ತಿರುವುದು? ಇವನ ತಾತನ ಕಾಲದಿಂದ ಈ ನೆಲದ ಮೇಲೆ ಒಣಗಿದ್ದೆಲ್ಲ? ಒಂದೇ ಮಾತು ಸಾಕಾಗಿತ್ತು. ಗೆಲುವು ಅವಳ ಕೈಯಲ್ಲಿತ್ತು.

ಕ್ರಿಕೋರ್ ಪಕ್ಕಕ್ಕೆ ನೋಡಲಿಲ್ಲ. ಥರ್ಮಾಮೀಟರನ್ನು ಪ್ಯಾಂಟಿಗೆ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ಕಾಲರಿನೊಳಗೆ ಅವನ ಕತ್ತು ಕೋಳಿಯ ಕತ್ತಿನ ಹಾಗೆ ಸಣಕಲಾಗಿತ್ತು. ಆ ಒಣದ್ರಾಕ್ಷಿಯನ್ನೂ ಅವನ ಜೇಬಿನಿಂದ ಕಿತ್ತುಕೊಂಡರೆ ಉಳಿಯುವುದೇನು ಎಂದು ಅರಾಕ್ಸಿ ಯೋಚಿಸಿದಳು. ಸೌತೆಕಾಯಿ. ಸೌತೆಕಾಯಿ ಮತ್ತು ಭಯ.

ಅವಳು ಬಾಯಿ ಮುಚ್ಚಿಕೊಂಡಳು.

"ನಾಳೆ ಆ ಮೆಷಿನ್ ಒಳಗೆ ತರ್ತೀನಿ ಬಿಡು," ಎಂದ ಕ್ರಿಕೋರ್, ನೆಲ ನೋಡುತ್ತಲೇ. "ಸಿರ್ವಾರ್ಡ್ ಹೇಳಿದ್ದೇ ಸರಿ ಇರಬೇಕು. ನೀನೂ ಎಷ್ಟು ಕಷ್ಟ ಪಡ್ತೀಯ."

ಅಷ್ಟು ಹೇಳಲು ಅವನು ಎಷ್ಟು ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು ಎನ್ನುವುದು ಅವಳಿಗೆ ಗೊತ್ತಿತ್ತು. ತಗಡಿನ ಕಾರ್ಖಾನೆಗೆ ಲಾರಿ ಕಳಿಸಿ ಬಂದು ಗೋಡೆಗೆ ಮುಖ ಮಾಡಿ ಮಲಗಿದವನ ಮಗ ಅವನು.

"ಬೇಡ. ಅದರ ಮೇಲೆ ಬೆಕ್ಕು ಮಲಗಿದೆ," ಎಂದಳು. "ಹಿಟ್ಟು ಇನ್ನೂ ಇದೆ. ನಾನೇ ದಡ್ಡಿ, ತೀರ ಕೆಳಗೆ ಹಾಸಿಬಿಟ್ಟೆ. ಒಣಗಿಸೋನು ನೀನು ಅಂತೀಯಲ್ಲ, ಎಲ್ಲಿ ಹಾಕ್ಲಿ ಹೇಳು."

ಕ್ರಿಕೋರ್ ತಲೆ ಎತ್ತಿದ. ಅವಳನ್ನು ನೋಡಿದ. ಆಮೇಲೆ ಅವಳಾಚೆ, ಎರಡು ಕಂಬಗಳ ನಡುವೆ ಬಳ್ಳಿ ಹಬ್ಬಿದ್ದ ತಂತಿಯ ಕಡೆ ನೋಡಿದ. ಬಹಳ ದಿನದ ಮೇಲೆ ಅವನ ಕಣ್ಣು ಏನನ್ನೋ ಅಳೆಯುತ್ತಿತ್ತು.

"ಗಾಳಿ ಪಶ್ಚಿಮದಿಂದ ಬರುತ್ತೆ," ಎಂದ. "ಕೊನೇ ಸಾಲಲ್ಲಿ ಎಲೆ ದಟ್ಟ ಇದೆ. ತಂತಿಗೆ ನೇತುಹಾಕಿದ್ರೆ... ಬಟ್ಟೆ ಕ್ಲಿಪ್ಪು ಇದಾವಾ ಮನೇಲಿ?"

"ನಿನ್ನ ಚಡ್ಡಿ ಒಣಗಿಸೋದು ಇನ್ನೇತರಲ್ಲಿ ಅಂದ್ಕೊಂಡಿದೀಯ?"

ಮರುದಿನ ಸಿರ್ವಾರ್ಡ್ ಫೋನು ಮಾಡಿದಳು. ಮೆಷಿನ್ ಉಪಯೋಗಿಸಿದ್ಯಾ ಎಂದು ಕೇಳಿದಳು. ಬೆಕ್ಕಿಗೆ ತುಂಬ ಉಪಯೋಗ ಆಗ್ತಿದೆ, ನಿನಗೆ ಪುಣ್ಯ ಬರುತ್ತೆ ಎಂದಳು ಅರಾಕ್ಸಿ. ಆಮೇಲೆ ಬಾಣಲೆಯಷ್ಟು ಅಗಲದ ಹಾಳೆಗಳ ಮೇಲೆ ಹಿಟ್ಟು ಸವರಿ, ಕೊನೆಯ ಸಾಲಿಗೆ ಹೊತ್ತುಕೊಂಡು ಹೋದಳು. ಕ್ರಿಕೋರ್ ಒಂದೊಂದನ್ನೇ ತಂತಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟ. ಬಿಸಿಲು ತಿರುಗಿದ ಹಾಗೆ ಹಾಳೆಗಳನ್ನು ನೆರಳಿನಿಂದ ನೆರಳಿಗೆ ಸರಿಸಿದ. ಗಳಿಗೆಗೊಮ್ಮೆ ಚುಚ್ಚಿ ನೋಡಿ, "ತೊಂಬತ್ತೈದು! ಹೋಕೀಸ್, ತೊಂಬತ್ತೈದು!" ಎಂದು ಮನೆಯ ತನಕ ಕೇಳುವಂತೆ ಕೂಗಿದ. ಹೋಕೀಸ್, ನನ್ನ ಜೀವ. ಎದೆ ಹಿಡಿದ ದಿನದಿಂದ ಅವನು ಹಾಗೆ ಕರೆದಿರಲಿಲ್ಲ.

ಸಂಜೆಯ ಹೊತ್ತಿಗೆ ಮೊದಲ ಹಾಳೆ ಒಣಗಿತು. ಕ್ರಿಕೋರ್ ಎರಡು ದ್ರಾಕ್ಷಿ ಬುಟ್ಟಿಗಳನ್ನು ಬೋರಲು ಹಾಕಿದ. ಇಬ್ಬರೂ ಅವುಗಳ ಮೇಲೆ ಎದುರುಬದುರು ಕುಳಿತು ಲವಾಶ್ ಮುರಿದುಕೊಂಡರು. ಅಗಿಯಲು ಗಟ್ಟಿ, ಸ್ವಲ್ಪ ಹುಳಿ.

"ನಿಮ್ಮಮ್ಮನ ಲವಾಶ್ ಥರ ಇಲ್ಲ," ಎಂದಳು ಅರಾಕ್ಸಿ.

"ಇಲ್ಲ." ಅವನು ಬಹಳ ಹೊತ್ತು ಅಗಿದ. "ಚಪ್ಪಲಿ ಥರ ಇದೆ."

"ಹಾಗಾದ್ರೆ ಬಿಡು."

"ಬಿಡು ಅಂದ್ನಾ? ಇನ್ನೊಂದು ತುಂಡು ಕೊಡು."

ಅವಳು ಕೊಟ್ಟಳು. ಅವನು ಜೇಬಿನಿಂದ ಒಣದ್ರಾಕ್ಷಿ ತೆಗೆದು, ಅರ್ಧ ಅವಳ ಅಂಗೈಗೆ ಸುರಿದು, ಉಳಿದದ್ದನ್ನು ತನ್ನ ರೊಟ್ಟಿಯ ಮೇಲಿಟ್ಟು ಮಡಚಿದ. ಬಾಯಿಗಿಡುವ ಮೊದಲು ಅದನ್ನೇ ನೋಡುತ್ತ ಕೇಳಿದ:

"ನಿನ್ನೆ ನೀನು ಏನೋ ಹೇಳೋಕೆ ಬಾಯಿ ತೆರೆದೆ."

"ಆಕಳಿಕೆ ಬಂತು."

"ದೊಡ್ಡ ಆಕಳಿಕೆ."

"ಹೂಂ. ಬಿಸಿಲು ಜಾಸ್ತಿ ಇತ್ತಲ್ಲ."

ಕ್ರಿಕೋರ್ ತಲೆಯಾಡಿಸಿದ. ಮಡಚಿದ ರೊಟ್ಟಿಯನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದ. ಪೂರ್ತಿ ತಿಂದ.

ಅಷ್ಟರಲ್ಲಿ ಹೊತ್ತು ವಾಲಿ, ಬಿಸಿಲು ಎಲೆಗಳ ಕೆಳಗಿನಿಂದ ಅಡ್ಡಡ್ಡ ನುಗ್ಗಿ ಬಂತು. ತಂತಿಯಲ್ಲಿ ಇನ್ನೂ ಒಂದು ಹಾಳೆ ಉಳಿದಿತ್ತು, ನಡುವೆ ಹಸಿ ಇತ್ತು. ಕ್ರಿಕೋರ್ ಎದ್ದವನೇ ಹೋಗಿ ಅದರ ಮುಂದೆ ನಿಂತ. ಸರಿಸಲು ನೆರಳು ಎಲ್ಲೂ ಇರಲಿಲ್ಲ. ಆಚೆ ಈಚೆ ನೋಡಿ, ತಲೆಯ ಮೇಲಿನ ಟೋಪಿ ತೆಗೆದು, ಕೈ ಚಾಚಿ ರೊಟ್ಟಿಗೆ ಅಡ್ಡ ಹಿಡಿದ. ಅವನ ಬೋಳು ತಲೆ ಬಿಸಿಲಿಗೆ ಹೊಳೆಯಿತು. ಕಾಲಬುಡದಲ್ಲಿ, ಸಾಲಿನ ಉದ್ದಕ್ಕೂ, ದ್ರಾಕ್ಷಿ ಕಂದಾಗುತ್ತ ಬಿದ್ದಿತ್ತು.

"ಕೈ ನೋಯಲ್ವಾ ಮಾರಾಯ?"

"ಇನ್ನು ಸ್ವಲ್ಪ ಹೊತ್ತು ಅಷ್ಟೇ."

ಅರಾಕ್ಸಿ ಬುಟ್ಟಿಯಿಂದ ಎದ್ದಳು. ಲಂಗಕ್ಕೆ ಅಂಟಿದ ಎಳ್ಳು ಕೊಡವಿಕೊಂಡು, ಅವನ ಪಶ್ಚಿಮಕ್ಕೆ ಹೋಗಿ, ಎರಡು ಹೆಜ್ಜೆ ಅತ್ತ, ಒಂದು ಹೆಜ್ಜೆ ಇತ್ತ ಸರಿದು, ತನ್ನ ನೆರಳು ಅವನ ತಲೆಯ ಮೇಲೆ ಬೀಳುವಂತೆ ನಿಂತುಕೊಂಡಳು.